ಕಿತ್ತಳೆ ದಾರ

ಭಾನುವಾರ ಬೆಳಗ್ಗೆ ಹತ್ತೂವರೆ. ಬೆಂಗಳೂರಿನ ಬಸವೇಶ್ವರನಗರದ ಒಂದು ಕಟ್ಟಡ. ಕೆಳಗೆ ಪಾತ್ರೆ ಅಂಗಡಿ, ಮೊದಲ ಮಹಡಿಯಲ್ಲಿ ಟ್ಯೂಷನ್, ಅದರ ಮೇಲೆ ಹತ್ತು ಮೀಟರಿನ ಶೂಟಿಂಗ್ ರೇಂಜ್. ಆರು ಲೇನ್‌ಗಳು, ಹಿಂದೆ ಅಪ್ಪ ಅಮ್ಮಂದಿರು ಕೂರುವ ಒಂದು ಉದ್ದನೆಯ ಬೆಂಚು. ಆ ಬೆಂಚಿನ ಮೇಲೆ ನಾನೂ ಇದ್ದೆ.

ಮಗಳಿಗೆ ಹದಿನಾಲ್ಕು ವರ್ಷ. ಏರ್ ಪಿಸ್ತೂಲು ಹಿಡಿದು ಮೂರು ವರ್ಷವಾಯಿತು. ಆ ಹೊತ್ತಿಗೆ ಅವಳ ಹತ್ತು ಗುಂಡಿನ ಒಂದು ಸರಣಿ ಮುಗಿದಿತ್ತು. ಗುಂಡಿ ಒತ್ತಿದಳು, ತಂತಿಯ ಮೇಲೆ ಓಡುತ್ತ ಕಾರ್ಡು ಹತ್ತಿರ ಬಂತು. ಕಾರ್ಡು ಬಿಡಿಸಿಕೊಂಡು, ಅದನ್ನು ಎಡಗೈಯಲ್ಲಿ ಹಿಡಿದು, ಮುಖವೆಲ್ಲ ನಗುವಾಗಿ ಹಿಂದಕ್ಕೆ ತಿರುಗಿದಳು. ಪಿಸ್ತೂಲು ಬಲಗೈಯಲ್ಲೇ ಇತ್ತು. ಅವಳು ತಿರುಗಿದಂತೆ ಅದೂ ತಿರುಗಿತು. ಪಕ್ಕದ ಲೇನಿನ ಇಬ್ಬರು ಮಕ್ಕಳ ಎದೆಯ ಮಟ್ಟದಲ್ಲಿ ಹಾದು, ಬೆಂಚಿನ ಮೇಲಿದ್ದ ನಾಲ್ಕು ಜನರನ್ನು ದಾಟಿ, ನನ್ನ ಹತ್ತಿರ ಬಂದು ನಿಂತಿತು.

'ಸ್ಟಾಪ್!'

ಕೂಗಿದವನು ಕೋಚ್ ಅಲ್ಲ. ಕೊನೆಯ ಲೇನಿನ ಹುಡುಗ. ಹತ್ತು ವರ್ಷ ಇದ್ದೀತು, ಸೇರಿ ಇನ್ನೂ ಎರಡು ವಾರ. ಕೂಗಿದ ಮೇಲೆ ತಾನೇ ಹೆದರಿ ಗೋಡೆಗೆ ಒರಗಿ ನಿಂತುಬಿಟ್ಟ. ಆರೂ ಲೇನ್‌ಗಳು ನಿಂತವು. ಕೋಚ್ ಬಂದರು, ಮಗಳ ಕೈ ಹಿಡಿದು ಪಿಸ್ತೂಲನ್ನು ಗುರಿಯ ಕಡೆಗೆ ತಿರುಗಿಸಿದರು, ತೆರೆದು ನೋಡಿದರು, ದಾರ ತೂರಿಸಿ ಮೇಜಿನ ಮೇಲಿಟ್ಟರು. ಆಮೇಲೆ ನೇರ ಆ ಹುಡುಗನ ಹತ್ತಿರ ಹೋಗಿ, 'ಸರಿಯಾಗಿ ಹೇಳಿದೆ ಕಣಪ್ಪ' ಎಂದರು. ಮಗಳಿಗೆ ಬೈಯಲಿಲ್ಲ. 'ಇವತ್ತಿಗೆ ಸಾಕು, ಬೆಂಚಿನ ಮೇಲೆ ಕೂತು ಬೇರೆಯವರು ಹೇಗೆ ಪಿಸ್ತೂಲು ಇಡ್ತಾರೆ ನೋಡು' ಎಂದರು ಅಷ್ಟೆ.

ಮನೆಗೆ ಬರುವಾಗ ಸ್ಕೂಟರಿನ ಹಿಂದಿನಿಂದ ಅವಳ ಮಾತು: 'ಅಪ್ಪ, ಅದರಲ್ಲಿ ಪೆಲೆಟ್ ಇರಲಿಲ್ಲ. ಖಾಲಿ ಇತ್ತು. ನಂಗೆ ಗೊತ್ತಿತ್ತು.'

ಅವಳು ಸುಳ್ಳು ಹೇಳುತ್ತಿರಲಿಲ್ಲ. ಹತ್ತೂ ಹೊಡೆದಾಗಿತ್ತು, ಪಿಸ್ತೂಲು ಖಾಲಿಯೇ ಇತ್ತು. ಆದರೂ ಆ ಮಾತು ನನ್ನನ್ನು ವಿಜಯನಗರದ ಮನೆಯವರೆಗೂ ಬಿಡಲಿಲ್ಲ. ಅದೇ ಮಾತನ್ನು, ಅದೇ ಧಾಟಿಯಲ್ಲಿ, ನಾನು ಚಿಕ್ಕವನಿದ್ದಾಗ ಬೇರೊಬ್ಬರ ಬಾಯಲ್ಲಿ ಕೇಳಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ದಾರದ ವಿಷಯ. ರೇಂಜಿಗೆ ಹೋಗದವರಿಗೆ ಅದು ಗೊತ್ತಿರುವುದಿಲ್ಲ. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ನೈಲಾನ್ ದಾರ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುತ್ತಾರಲ್ಲ, ಅಂಥದ್ದು. ಬಂದೂಕಿನ ಹಿಂದಿನಿಂದ ತೂರಿಸಿದರೆ ಬ್ಯಾರೆಲ್ಲಿನ ಬಾಯಿಂದ ಹೊರಗೆ ಇಣುಕಬೇಕು. ಎರಡೂ ತುದಿ ಕಂಡರೆ ಮಾತ್ರ ಒಳಗೆ ಏನೂ ಇಲ್ಲವೆಂದು ಅರ್ಥ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಲ್ಲಿ ಇದಕ್ಕೆ ಸೇಫ್ಟಿ ಫ್ಲ್ಯಾಗ್ ಎಂದು ಹೆಸರು. ತೆಗೆಯಲು ಅಪ್ಪಣೆ ಬರುವವರೆಗೆ ಅದು ಬಂದೂಕಿನೊಳಗೇ ಇರಬೇಕು, ಗುಂಡು ಹೊಡೆದು ಮುಗಿದ ಮೇಲೆ ಮತ್ತೆ ಒಳಗೆ ಹೋಗಬೇಕು. ಗುರಿಯ ಕಡೆಗೆ ಒಬ್ಬರೇ ಒಬ್ಬರು ಹೋಗುವುದಿದ್ದರೂ ಸಾಲಿನಲ್ಲಿರುವ ಎಲ್ಲ ಬಂದೂಕುಗಳಲ್ಲೂ ಆ ದಾರ ಕಾಣಬೇಕು. ಆ ಹೊತ್ತಿನಲ್ಲಿ ಯಾರೂ ತಮ್ಮ ಬಂದೂಕು ಮುಟ್ಟುವಂತಿಲ್ಲ.

ನನಗೆ ಆ ದಾರದಲ್ಲಿ ಹಿಡಿಸಿದ್ದು ಒಂದು ಸಂಗತಿ. ಅದು ಬಂದೂಕನ್ನು ಖಾಲಿ ಮಾಡುವುದಿಲ್ಲ. ಖಾಲಿ ಮಾಡಿದ್ದು ಶೂಟರ್, ದಾರ ಅದನ್ನು ಪಕ್ಕದವರಿಗೆ ಕಾಣಿಸುತ್ತದೆ. ನನಗೆ ಗೊತ್ತಿದೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ನನಗೆ ಗೊತ್ತಿರುವುದು ಸೇರಿ ಎರಡು ವಾರವಾದ ಹುಡುಗನ ಕಣ್ಣಿಗೂ ಕಾಣುತ್ತಿರಬೇಕು. ನಮ್ಮ ಬದುಕಿನಲ್ಲಿ ಇನ್ನೆಲ್ಲೂ ಇಷ್ಟು ಸರಳವಾಗಿ, ಇಷ್ಟು ಕಟ್ಟುನಿಟ್ಟಾಗಿ, ನಿನ್ನ ನಂಬಿಕೆಯನ್ನು ಇನ್ನೊಬ್ಬರ ಮುಂದೆ ತೆರೆದಿಡು ಎಂದು ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ.

ಏರ್ ಪಿಸ್ತೂಲಿನ ಪೆಲೆಟ್ ಅರ್ಧ ಗ್ರಾಂ ತೂಗುತ್ತದೆ. ನಾಲ್ಕೂವರೆ ಮಿಲಿಮೀಟರಿನ ಸೀಸದ ತುಣುಕು, ಸೆಕೆಂಡಿಗೆ ನೂರೈವತ್ತು ಮೀಟರ್ ಆಸುಪಾಸಿನ ವೇಗ. ಅದು ಸೇರಬೇಕಾದ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್, ಶರ್ಟಿನ ಒಂದು ಗುಂಡಿಯಷ್ಟು. ಅಷ್ಟು ಚಿಕ್ಕದಕ್ಕೆ ಅಷ್ಟು ದೂರದಿಂದ ಅರವತ್ತು ಸಲ, ಎಪ್ಪತ್ತೈದು ನಿಮಿಷದೊಳಗೆ. ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 2014ರಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದು ಇದೇ ಹತ್ತು ಮೀಟರಿನ ಪಿಸ್ತೂಲಿನಲ್ಲಿ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ದಿವ್ಯಾ ಟಿ.ಎಸ್. ಎರಡು ಬೆಳ್ಳಿ ತಂದದ್ದೂ ಇದರಲ್ಲೇ. ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲಂತೂ ಮಕ್ಕಳನ್ನು ಕೈಹಿಡಿದು ಕರೆತರುವ ಅಪ್ಪ ಅಮ್ಮಂದಿರು ಹೆಚ್ಚಾಗಿದ್ದಾರೆ. ಒಳ್ಳೆಯದೇ. ಮಕ್ಕಳು ಬರುವುದು ಪದಕದ ಆಸೆಗೆ. ಮೊದಲ ತಿಂಗಳು ಪೂರ್ತಿ ಕಲಿಯುವುದು ಮಾತ್ರ ಬ್ಯಾರೆಲ್ ಯಾವ ಕಡೆ, ಬೆರಳು ಎಲ್ಲಿ, ಯಾವ ಮಾತಿಗೆ ಕೈಯೆತ್ತಬೇಕು, ಯಾವ ಮಾತಿಗೆ ಇಳಿಸಬೇಕು, ಊಟಕ್ಕೆ ಮುಂಚೆ ಸೀಸ ತಾಕಿದ ಕೈಯನ್ನು ಸೋಪು ಹಾಕಿ ಹೇಗೆ ತೊಳೆಯಬೇಕು ಎಂಬುದನ್ನೇ.

ಹೊಸಬರು ಇದನ್ನೆಲ್ಲ ಅಕ್ಷರಶಃ ಪಾಲಿಸುತ್ತಾರೆ. ಕೋಚ್ ಒಮ್ಮೆ ನನ್ನೊಡನೆ ಹೇಳಿದ್ದು: 'ಮೊದಲ ವರ್ಷದ ಮಕ್ಕಳ ಬಗ್ಗೆ ನಂಗೆ ಭಯ ಇಲ್ಲ ಸರ್. ಮೂರನೇ ವರ್ಷದವರ ಮೇಲೆ ಕಣ್ಣಿಟ್ಟಿರ್ತೀನಿ.' ಮಗಳದು ಮೂರನೇ ವರ್ಷ. ಆವತ್ತು ಅವರು ಹೇಳಿದಾಗ ನಾನು ತಲೆದೂಗಿದ್ದೆ, ಮಗಳ ಹೆಸರು ಅದರೊಳಗಿದೆ ಎಂದು ಹೊಳೆದಿರಲಿಲ್ಲ.

ಈಗ ಚಿಕ್ಕಪ್ಪನ ವಿಷಯ.

ತೊಂಬತ್ತರ ದಶಕದಲ್ಲಿ ನಾವಿದ್ದದ್ದು ಮಾಗಡಿ ರಸ್ತೆಯ ಕಡೆ. ಚಿಕ್ಕಪ್ಪ ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಪವರ್ ಪ್ರೆಸ್ ಆಪರೇಟರ್. ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯದ ಗಲ್ಲಿಗಳಲ್ಲಿ ಬೆಳೆದವರಿಗೆ ಆ ಸದ್ದು ಗೊತ್ತು. ತಗಡನ್ನು ಡೈ ಮೇಲಿಟ್ಟು ಒತ್ತಿದರೆ ಧಡ್ ಎಂದು ಇಳಿದು ವಾಷರ್ ಕತ್ತರಿಸಿ ಎದ್ದು ನಿಲ್ಲುವ ಯಂತ್ರ. ಕಾಲಲ್ಲಿ ಒತ್ತುವ ಪೆಡಲ್ ಪ್ರೆಸ್‌ಗಳೇ ಹೆಚ್ಚಿದ್ದ ಕಾಲದಲ್ಲಿ ಅವರ ಮಾಲೀಕರು ಹೊಸದಾಗಿ ಎರಡು ಬಟನ್ನಿನದನ್ನು ತರಿಸಿದ್ದರು. ಎಡಗೈಗೊಂದು ಬಟನ್, ಬಲಗೈಗೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ. ಎರಡೂ ಕೈ ಬಟನ್ನಿನ ಮೇಲಿದ್ದರೆ ಡೈ ಮೇಲೆ ಕೈ ಇರಲು ಸಾಧ್ಯವೇ ಇಲ್ಲ. ಎಂಥ ಒಳ್ಳೆಯ ಬುದ್ಧಿ!

ಚಿಕ್ಕಪ್ಪ ಆ ಬೀದಿಯಲ್ಲೇ ಹೆಸರಾದ ಕೈ. ಬೇರೆಯವರು ಒಂದು ಸಾವಿರ ಪೀಸ್ ತೆಗೆಯುವಲ್ಲಿ ಅವರು ಒಂದೂವರೆ ಸಾವಿರ ತೆಗೆಯುತ್ತಿದ್ದರು. ಎರಡು ಬಟನ್ನಿನಿಂದ ಲೆಕ್ಕ ಇಳಿಯಿತು. ಎರಡನೇ ವಾರವೇ ಸೈಕಲ್ ಟ್ಯೂಬಿನ ಒಂದು ರಬ್ಬರ್ ಪಟ್ಟಿಯನ್ನು ಬಲಗಡೆಯ ಬಟನ್ನಿಗೆ ಬಿಗಿದು ಕಟ್ಟಿದರು. ಅದು ಸದಾ ಒತ್ತಿಕೊಂಡೇ ಇರುತ್ತಿತ್ತು. ಈಗ ಎಡಗೈ ಬಟನ್ ಒತ್ತಲು, ಬಲಗೈ ತಗಡು ಸರಿಸಲು. ಐದು ತಿಂಗಳು ಏನೂ ಆಗಲಿಲ್ಲ, ದಿನಕ್ಕೆ ಸಾವಿರಾರು ಸಲ ಏನೂ ಆಗಲಿಲ್ಲ. ಆಮೇಲೆ ಒಂದು ಶನಿವಾರ ಸಂಜೆ, ಬಟವಾಡೆಯ ಹೊತ್ತು, ಬಲಗೈಯ ತೋರುಬೆರಳು ಮತ್ತು ನಡುಬೆರಳು ಡೈ ಮೇಲೇ ಉಳಿದವು.

  

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮಂಚದ ಮೇಲೆ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅವರು ನನ್ನ ತಂದೆಗೆ ಹೇಳಿದ ಮಾತು ಇದು: 'ಕೈ ಆಚೆಗೆ ಬಂದಿತ್ತು ಅಣ್ಣಾ. ನಂಗೆ ಗೊತ್ತಿತ್ತು.'

ಎರಡನೇ ದಿನ ವರ್ಕ್‌ಶಾಪಿನ ಹೆಲ್ಪರ್ ಹುಡುಗ ಬಾಳೆಹಣ್ಣು ತಂದ. ಮಾಗಡಿ ಕಡೆಯವನು, ಹದಿನೇಳೋ ಹದಿನೆಂಟೋ. ಮಂಚದ ಕಾಲ ಬಳಿ ನಿಂತು ಬಹಳ ಹೊತ್ತು ಸುಮ್ಮನಿದ್ದು ಒಮ್ಮೆಲೇ ಅತ್ತುಬಿಟ್ಟ. 'ರಬ್ಬರ್ ಕಟ್ಟಿದ ದಿನವೇ ನಂಗೆ ಹೇಳಬೇಕು ಅನ್ನಿಸಿತ್ತು ಅಣ್ಣಾ. ನೀವು ಬೈತೀರ ಅಂತ ಸುಮ್ಮನಾದೆ.'

ಚಿಕ್ಕಪ್ಪ ಸ್ವಲ್ಪ ಹೊತ್ತು ಅವನ ಮುಖ ನೋಡಿದರು. 'ಬೈತಿದ್ದೆ ಕಣೋ' ಎಂದರು.

ಇವತ್ತಿಗೂ ಈ ಎರಡು ಮಾತುಗಳನ್ನು ನಾನು ಬಿಡಿಸಿ ಬಿಡಿಸಿ ನೋಡುತ್ತೇನೆ. ಯಂತ್ರದಲ್ಲಿ ದೋಷವಿರಲಿಲ್ಲ, ಚಿಕ್ಕಪ್ಪನಿಗೆ ಕೆಲಸ ಬರದೇ ಇರಲಿಲ್ಲ. ಕೆಲಸ ಚೆನ್ನಾಗಿ ಬರುತ್ತಿದ್ದುದರಿಂದಲೇ ಅವರು ರಬ್ಬರ್ ಕಟ್ಟಿದ್ದು. ಕಂಡವನೊಬ್ಬ ಪಕ್ಕದಲ್ಲೇ ಇದ್ದ. ಅವನ ಬಾಯಿ ಕಟ್ಟಿದ್ದು ಹೆದರಿಕೆಯೊಂದೇ ಅಲ್ಲ, ಗೌರವವೂ ಹೌದು. ಮೇಸ್ತ್ರಿಗೆ ಹೆಲ್ಪರ್ ಹೇಳುವುದುಂಟೇ? ಅಪ್ಪನಿಗೆ ಮಗ, ಮೇಷ್ಟ್ರಿಗೆ ವಿದ್ಯಾರ್ಥಿ, ಅತ್ತೆಗೆ ಸೊಸೆ 'ನಿಲ್ಲಿ' ಎನ್ನುವುದುಂಟೇ? ಹಿರಿಯರ ಮುಂದೆ ಬಾಯಿ ಮುಚ್ಚಿಕೊಂಡಿರುವುದನ್ನು ನಾವು ಸಂಸ್ಕಾರ ಎಂದು ಕಲಿಸಿದ್ದೇವೆ. ಆ ಸಂಸ್ಕಾರದ ಬೆಲೆಯನ್ನು ಚಿಕ್ಕಪ್ಪನ ಬೆರಳು ತೆತ್ತವು.

ಪಳಗಿದ ಕೈಗಳ ವಿಷಯ ನಮ್ಮ ಪುರಾಣಗಳು ಚೆನ್ನಾಗಿ ಬಲ್ಲವು. ಮಕ್ಕಳಿಗೆ ಕಥೆ ಹೇಳುವಾಗ ನಾವು ಅದರ ಮೇಲೆ ಓಡಿಹೋಗುತ್ತೇವೆ. ರಾಮಾಯಣದ ದುಃಖದ ಬೇರಿನಲ್ಲಿ ಒಂದು ತಪ್ಪು ಬಾಣವಿದೆ, ಮಹಾಭಾರತದ ದುಃಖದ ಬೇರಿನಲ್ಲೂ ಇದೆ. ದಶರಥನಿಗೆ ಶಬ್ದವೇಧಿ ಗೊತ್ತಿತ್ತು. ಕಣ್ಣಿಂದ ನೋಡದೆ ಸದ್ದಿನ ಮೇಲೇ ಗುರಿಯಿಡುವ ವಿದ್ಯೆ ಸಾಮಾನ್ಯ ಬಿಲ್ಲುಗಾರನಿಗೆ ಬರುವಂಥದ್ದಲ್ಲ. ಬಿಂದಿಗೆಗೆ ನೀರು ತುಂಬುವ ಸದ್ದು ಆನೆ ನೀರು ಕುಡಿಯುವ ಸದ್ದಾಗಿ ಕೇಳಿಸಿತು. ಬರಿಯ ಸಾಧಾರಣ ಬಿಲ್ಲುಗಾರನಾಗಿದ್ದರೆ ಆ ಕತ್ತಲಲ್ಲಿ ಸುಮ್ಮನೆ ಕೂತಿರುತ್ತಿದ್ದ, ಶ್ರವಣಕುಮಾರ ನೀರು ತುಂಬಿಕೊಂಡು ಕುರುಡ ತಂದೆತಾಯಿಯ ಬಳಿಗೆ ಹೋಗುತ್ತಿದ್ದ. ಪಾಂಡುವಿಗೆ ಜಿಂಕೆ ಕಂಡಿತು, ಜಿಂಕೆಯ ರೂಪದಲ್ಲಿದ್ದ ಋಷಿ ಕಾಣಲಿಲ್ಲ. ಕೊನೆಗೆ ಕೃಷ್ಣನ ಪಾದವೇ ಜರನೆಂಬ ಬೇಡನ ಕಣ್ಣಿಗೆ ಮೃಗವಾಯಿತು. ಮೂವರಲ್ಲಿ ಒಬ್ಬನಿಗೂ ಕೊಲ್ಲಬೇಕೆಂಬ ದುರುದ್ದೇಶವಿರಲಿಲ್ಲ, ಒಬ್ಬನ ಕೈಯೂ ನಡುಗಲಿಲ್ಲ, ಬಾಣ ಮೂರೂ ಸಲ ಗುರಿಯನ್ನೇ ಮುಟ್ಟಿತು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಹಂದಿಯೆಂದುಕೊಂಡು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವಾಗಲೆಲ್ಲ ನನಗೆ ಸರಯೂ ತೀರದ ಆ ಕತ್ತಲು ನೆನಪಾಗುತ್ತದೆ. ರೇಂಜಿನ ಗೋಡೆಯ ಮೇಲೆ ಬರೆದಿರುವ ನಿಯಮಗಳಲ್ಲಿ ಒಂದು, ಗುರಿಯನ್ನೂ ಗುರಿಯ ಆಚೆ ಏನಿದೆ ಎಂಬುದನ್ನೂ ಕಣ್ಣಾರೆ ತಿಳಿಯದೆ ಟ್ರಿಗರ್ ಮೇಲೆ ಬೆರಳಿಡಬೇಡ ಎನ್ನುವುದು. ಅದು ದಶರಥನಿಗೆ ಯಾರೂ ಹೇಳದೆ ಹೋದ ಮಾತು.

ಹಾಗೆಂದು ಇದು ಕಾಡಿನ ಕತ್ತಲಿಗಷ್ಟೇ ಸಂಬಂಧಿಸಿದ್ದಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ, ಹಾಡಹಗಲಲ್ಲಿ, ಅಮೆರಿಕದ ಮ್ಯಾಟ್ ಎಮನ್ಸ್ 50 ಮೀಟರ್ ರೈಫಲ್ ತ್ರೀ ಪೊಸಿಷನ್ ಫೈನಲ್‌ನ ಕೊನೆಯ ಗುಂಡಿಗೆ ಬಂದಾಗ ಚಿನ್ನ ಹೆಚ್ಚುಕಡಿಮೆ ಕೊರಳಿಗೆ ಬಿದ್ದಂತೆಯೇ ಇತ್ತು. ಗುಂಡು ಹಾರಿತು, ಅವರ ಫಲಕದಲ್ಲಿ ಏನೂ ದಾಖಲಾಗಲಿಲ್ಲ. ಪಕ್ಕದ ಲೇನಿನ ಫಲಕಕ್ಕೆ ಹೊಡೆದಿದ್ದರು. ಎಂಟನೇ ಸ್ಥಾನಕ್ಕೆ ಕುಸಿದರು. ಪ್ರತಿ ಸಲ ಮೊದಲು ಲೇನಿನ ಸಂಖ್ಯೆ ನೋಡಿ ಆಮೇಲೆ ಗುರಿಗೆ ಇಳಿಯುವುದು ಅವರ ಅಭ್ಯಾಸವಾಗಿತ್ತು, ಆ ಒಂದು ಸಲ ನೋಡಲಿಲ್ಲ. ಅಲ್ಲಿ ಹೋದದ್ದು ಪದಕ ಮಾತ್ರ, ಪುಣ್ಯ.

ದೆಹಲಿಯ ಕರ್ಣಿ ಸಿಂಗ್ ರೇಂಜಿನಲ್ಲಿ 2025ರ ಜನವರಿಯಲ್ಲಿ ಹೋದದ್ದು ಹೆಬ್ಬೆರಳು. ವಾಯುಪಡೆಯ ಪಿಸ್ತೂಲು ಶೂಟರ್ ಒಬ್ಬರು ಅಭ್ಯಾಸಕ್ಕೆಂದು ತಮ್ಮ ಪಿಸ್ತೂಲಿನ ಸಿಲಿಂಡರಿಗೆ ಗಾಳಿ ತುಂಬುತ್ತಿದ್ದಾಗ ಅದು ಸಿಡಿಯಿತು. ದೇಶದ ಅತಿ ದೊಡ್ಡ ರೇಂಜುಗಳಲ್ಲೊಂದರಲ್ಲಿ, ವರ್ಷಗಟ್ಟಲೆ ಪಳಗಿದವರ ಎಡಗೈಯಲ್ಲಿ. ಆ ಸುದ್ದಿ ಬಂದ ವಾರ ನಮ್ಮ ರೇಂಜಿನಲ್ಲಿ ಕೋಚ್ ಎಲ್ಲರ ಸಿಲಿಂಡರುಗಳನ್ನೂ ಮೇಜಿನ ಮೇಲೆ ಸಾಲಾಗಿ ಇಡಿಸಿ, ಮಕ್ಕಳಿಂದಲೇ ಒಂದೊಂದರ ಮೇಲಿನ ದಿನಾಂಕ ಓದಿಸಿದರು. ಒಂದು ಲೋಟದಷ್ಟೂ ಇಲ್ಲದ ಆ ಪುಟ್ಟ ಸಿಲಿಂಡರಿನೊಳಗೆ 200 ಬಾರ್ ಒತ್ತಡ ಇರುತ್ತದೆ. ಕಾರಿನ ಚಕ್ರದಲ್ಲಿ ಇರುವುದು ಎರಡಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಕಾರಿನ ಚಕ್ರದ ಹೆಚ್ಚುಕಡಿಮೆ ನೂರು ಪಟ್ಟು ಒತ್ತಡ ಒಂದು ಮಗುವಿನ ಅಂಗೈಯೊಳಗೆ. ಅದಕ್ಕೂ ಆಯುಸ್ಸುಂಟು, ಸಾಮಾನ್ಯವಾಗಿ ತಯಾರಾದ ದಿನದಿಂದ ಹತ್ತು ವರ್ಷ. ಅವಧಿ ಮುಗಿದ ಸಿಲಿಂಡರ್ ಬಳಸದಂತೆ ನೋಡಿಕೊಳ್ಳುವ ಹೊಣೆಯನ್ನು ನಿಯಮ ಶೂಟರಿನ ಮೇಲೇ ಹೊರಿಸಿದೆ. ಜೋಡಿಸುವ ಕಡೆ ಎಣ್ಣೆ ಗ್ರೀಸು ತಾಕಬಾರದು, ಗಾಳಿಯ ಬದಲು ಆಮ್ಲಜನಕ ತುಂಬಲೇಬಾರದು, ತುಂಬುವಾಗ ಅವಸರ ಮಾಡಬಾರದು.

ಸಾಲಿನಲ್ಲಿದ್ದ ಹದಿನಾಲ್ಕು ಸಿಲಿಂಡರುಗಳಲ್ಲಿ ಎರಡರ ಅವಧಿ ಮುಗಿದಿತ್ತು. ಎರಡೂ ಸೆಕೆಂಡ್ ಹ್ಯಾಂಡ್ ಪಿಸ್ತೂಲುಗಳ ಜೊತೆ ಬಂದವು. ಅಪ್ಪಂದಿರು ಬ್ಯಾರೆಲ್ ನೋಡಿದ್ದರು, ಟ್ರಿಗರ್ ನೋಡಿದ್ದರು, ಬೆಲೆಯಲ್ಲಿ ಚೌಕಾಸಿ ಮಾಡಿದ್ದರು, ಆ ಪುಟ್ಟ ಅಂಕೆಗಳನ್ನು ಯಾರೂ ಓದಿರಲಿಲ್ಲ. ಅವರನ್ನು ನಾನು ದೂರಲಾರೆ. ಆವತ್ತು ಮನೆಗೆ ಬಂದು ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಕತ್ತಿನ ಒಳಪಟ್ಟಿ ನೋಡಿದೆ. ಅಲ್ಲಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಎರಡಂಕಿಯ ಇಸವಿ ಇರುತ್ತದೆ. ಎ ಎಂದರೆ ಮಾರ್ಚ್‌ವರೆಗೆ, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್. ಅಷ್ಟರೊಳಗೆ ಅದನ್ನು ಮರುಪರೀಕ್ಷೆಗೆ ಕಳಿಸಬೇಕು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೆ ಅವತ್ತು ಮೊದಲ ಸಲ ನಾನು ಅದನ್ನು ಓದಿದೆ.

ರೇಂಜಿನೊಳಗೆ ಇಷ್ಟಾದರೂ ಕಾವಲಿದೆ. ರೇಂಜಿನ ಹೊರಗೆ? ನಮ್ಮ ಜಾತ್ರೆಗಳಲ್ಲಿ, ಪರಿಷೆಗಳಲ್ಲಿ ಬಲೂನಿಗೆ ಹೊಡೆಯುವ ಅಂಗಡಿ ಇರುತ್ತದಲ್ಲ, ನಾನೂ ಚಿಕ್ಕಂದಿನಲ್ಲಿ ಹತ್ತಾರು ಸಲ ಹೊಡೆದವನು. ಈಗ ಅಲ್ಲಿ ನಿಂತರೆ ಎದೆ ಝಲ್ಲೆನ್ನುತ್ತದೆ. ಹಲಗೆಯ ಮುಂದೆ ಒಬ್ಬ ಹುಡುಗ ಒಡೆದ ಬಲೂನಿನ ಜಾಗಕ್ಕೆ ಹೊಸದು ಸಿಕ್ಕಿಸುತ್ತಿರುತ್ತಾನೆ. ಇತ್ತ ಮೂರು ಜನ ಪೆಲೆಟ್ ತುಂಬಿದ ಬಂದೂಕು ಹಿಡಿದು ಅವನು ಸರಿಯಲೆಂದು ಕಾಯುತ್ತಿರುತ್ತಾರೆ. ಒಬ್ಬ ಆಗಲೇ ಗುರಿಯಿಟ್ಟು ನೋಡುತ್ತಿರುತ್ತಾನೆ, ಇನ್ನೊಬ್ಬ ಹೆಂಡತಿ ತೆಗೆಯುವ ಫೋಟೊಗಾಗಿ ಬಂದೂಕು ಸಮೇತ ತಿರುಗಿರುತ್ತಾನೆ. ಅಲ್ಲಿ ದಾರವೂ ಇಲ್ಲ, ಸ್ಟಾಪ್ ಎನ್ನುವವರೂ ಇಲ್ಲ. ಆ ಹುಡುಗನ ಕಣ್ಣುಗಳನ್ನು ಕಾಯುತ್ತಿರುವುದು ಅವನ ಅದೃಷ್ಟ ಒಂದೇ. ಅಂಗಡಿಯವರಿಗೆ ಹೊಟ್ಟೆಪಾಡು ಎಂಬುದು ನನಗೆ ಗೊತ್ತು. ಆದರೆ ಬಂದೂಕುಗಳನ್ನು ಮೇಜಿನ ಮೇಲೆ ಮಲಗಿಸಿ, ಎಲ್ಲರೂ ಕೈ ತೆಗೆದ ಮೇಲೆ ಬಲೂನು ಕಟ್ಟಿಸಲು ಯಾವ ಖರ್ಚೂ ಇಲ್ಲ. ಕಾಯುವ ನಾವೇ ಅದನ್ನು ಕೇಳಬಹುದು.

20 ಜೂಲ್‌ಗಿಂತ ಕಡಿಮೆ ಶಕ್ತಿಯ, 4.5 ಮಿಲಿಮೀಟರ್ ಮೀರದ ಏರ್ ಗನ್ನಿಗೆ ನಮ್ಮಲ್ಲಿ ಪರವಾನಗಿ ಬೇಡ. ಪರವಾನಗಿ ಬೇಡದ್ದು ಅಪಾಯವೂ ಇಲ್ಲದ್ದು ಎಂದು ಜನ ಅರ್ಥ ಮಾಡಿಕೊಂಡುಬಿಟ್ಟಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ ತೋಟದ ಮಂಗಗಳನ್ನು ಓಡಿಸಲು ಇದ್ದ ಏರ್ ಗನ್ ಮಕ್ಕಳ ಕೈಗೆ ಸಿಕ್ಕಿ ಒಂಬತ್ತು ವರ್ಷದ ಹುಡುಗನ ಪ್ರಾಣ ಹೋಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ ನಾಗಮಂಗಲ ತಾಲೂಕಿನ ಕೋಳಿ ಫಾರಂ ಒಂದರಲ್ಲಿ ಗೋಡೆಗೆ ನೇತುಹಾಕಿದ್ದ ಕೋವಿಯನ್ನು ಹುಡುಗನೊಬ್ಬ ಆಟಕ್ಕೆಂದು ಎತ್ತಿಕೊಂಡ. ನಾಲ್ಕು ವರ್ಷದ ಮಗು ಸತ್ತಿತು. ಆ ಕೋವಿಗೆ ಪರವಾನಗಿ ಇತ್ತು, ಬೀಗ ಇರಲಿಲ್ಲ. ಅದನ್ನು ಎತ್ತಿಕೊಂಡ ಹುಡುಗ ಇನ್ನು ಬದುಕಿಡೀ ಹೊತ್ತುಕೊಂಡು ತಿರುಗಬೇಕಾದ ಭಾರವನ್ನು ನೆನೆದರೆ ಮಾತು ಹೊರಡುವುದಿಲ್ಲ. ತುಂಬಿದ ಕೋವಿಯನ್ನು ಗೋಡೆಗೆ ನೇತುಹಾಕುವ ಕೈ ಹಿರಿಯರದು, ಅದನ್ನು ಇಳಿಸುವ ಕೈ ಮಕ್ಕಳದು.

ಕೊಡಗಿನವರ ನೆನಪು ಬರುವುದು ಇಲ್ಲೇ. 1959ರ ಆಯುಧ ಕಾಯ್ದೆಯಡಿ ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಗಂಡು ಮಗು ಹುಟ್ಟಿದರೆ ಅಲ್ಲಿ ಒಂದು ಗುಂಡು, ಸಾವಾದರೆ ಎರಡು. ಆದರೆ ಗದ್ದೆ ನಾಟಿಯ ದಿನಗಳಲ್ಲಿ ಕೋವಿ ಕತ್ತಿಗಳನ್ನು ದೇವರ ಕೋಣೆಗೆ ಸೇರಿಸಿ, ಕೆಲಸವೆಲ್ಲ ಮುಗಿದು ಕೈಲ್‌ಪೊಳ್ದ್ ಹಬ್ಬ ಬಂದಾಗ ಹೂವಿಟ್ಟು ಪೂಜಿಸಿ ಹೊರಗೆ ತೆಗೆಯುವ ಕಟ್ಟಳೆಯೂ ಅವರದೇ. ಆ ದಿನ ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಊರಿಗೆಲ್ಲ ಹಬ್ಬ. ಇಂತಿಷ್ಟು ದಿನ ಇದನ್ನು ಮುಟ್ಟುವುದಿಲ್ಲ ಎಂದು ಇಡೀ ಮನೆ ಒಪ್ಪಿಕೊಳ್ಳುವುದರಲ್ಲಿ ಒಂದು ತಿಳಿವಳಿಕೆ ಇದೆ. ನಾವು ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮ ಹಚ್ಚುತ್ತೇವೆ, ಮಾರನೇ ದಿನವೇ ಆ ಯಂತ್ರದ ಗಾರ್ಡ್ ಬಿಚ್ಚಿಡುತ್ತೇವೆ.

ಸಿನಿಮಾ ಶೂಟಿಂಗ್ ಒಂದರಲ್ಲಿ, 2021ರ ಅಕ್ಟೋಬರಿನಲ್ಲಿ, ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ, ಅಪಾಯವಿಲ್ಲದ್ದು ಎಂದು ಕೂಗಿ ಹೇಳಿ ಕೈಗೆ ಕೊಟ್ಟ ರಿವಾಲ್ವರಿನಿಂದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡರು. ಕೊಟ್ಟವರು ನಂಬಿದರು, ಪಡೆದವರು ನಂಬಿದರು. ರೇಂಜಿನ ಮಕ್ಕಳು ಹಾಗೆ ನಂಬುವುದಿಲ್ಲ. ಕೋಚ್ ಕೈಯಿಂದಲೇ ಪಿಸ್ತೂಲು ಬಂದರೂ ಅವರ ಕಣ್ಣೆದುರೇ ತೆರೆದು ನೋಡುತ್ತಾರೆ. ಕೋಚ್ ಅದಕ್ಕೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಳ್ಳದ ಆ ಹಿರಿತನ ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ ಎಷ್ಟು ಜನರಿಗಿದೆ? ನೋಡಿದರೆ ಅವಿಶ್ವಾಸ, ಕೇಳಿದರೆ ಅಧಿಕಪ್ರಸಂಗ, ತಡೆದರೆ ಅಪಮಾನ ಎಂದು ತಿಳಿಯುವವರ ನಡುವೆ ಹತ್ತು ವರ್ಷದ ಹುಡುಗ ಸ್ಟಾಪ್ ಎಂದು ಕೂಗುವುದು ಹೇಗೆ? ಅಂತರರಾಷ್ಟ್ರೀಯ ನಿಯಮ ಹೇಳುವುದು ಇಷ್ಟೇ: ಅಪಾಯ ಕಂಡ ಯಾವ ಶೂಟರೂ, ಯಾವ ಕೋಚೂ ಕೂಡಲೇ ರೇಂಜ್ ಅಧಿಕಾರಿಗೆ ತಿಳಿಸಬೇಕು. ತಿಳಿಸಬಹುದು ಎಂದಲ್ಲ, ತಿಳಿಸಲೇಬೇಕು. ಸುಮ್ಮನಿರುವುದೂ ಅಲ್ಲಿ ತಪ್ಪು.

ಒಂದು ಮಾತನ್ನು ಇಲ್ಲಿಯವರೆಗೆ ಬರೆಯದೆ ತಡೆದುಕೊಂಡೆ. ಆ ಭಾನುವಾರ ಮಗಳು ತಾನಾಗಿ ತಿರುಗಲಿಲ್ಲ. ಕಾರ್ಡು ಬಂದದ್ದನ್ನು ಬೆಂಚಿನಿಂದ ನೋಡಿ ನಾನೇ ಕೇಳಿದ್ದು, 'ಎಷ್ಟು ಬಂತು ಪುಟ್ಟ?' ಎಂದು. ಮೂರು ವರ್ಷದ ಅಭ್ಯಾಸವನ್ನು ಅಪ್ಪನ ಒಂದು ದನಿ ಮರೆಸಿತು. ಸ್ಪರ್ಧೆಗಳಲ್ಲಿ ಹಿಂದೆ ನಿಂತು ಮಕ್ಕಳ ಹೆಸರು ಹಿಡಿದು ಕೂಗುವ, ಫೋನಿಗೆ ನೋಡು ಎನ್ನುವ, ಸೋತು ಬಂದಾಗ ಬಂದೂಕು ಪೆಟ್ಟಿಗೆಗೆ ಸೇರುವ ಮುಂಚೆಯೇ ಮುಖ ಗಂಟಿಕ್ಕುವ ತಂದೆತಾಯಿಯರನ್ನು ನಾನು ಎಷ್ಟೋ ನೋಡಿದ್ದೆ. ಅವರ ಸಾಲಿನಲ್ಲಿ ನಾನೂ ಕೂತಿದ್ದೆ. ಇದನ್ನು ಮಗಳಿಗೆ ಹೇಳಲು ನನಗೆ ಮೂರು ದಿನ ಹಿಡಿಯಿತು. ಹೇಳಿದಾಗ ಅವಳು, 'ನೀನು ಕೇಳಿದ್ರೂ ನಾನು ಪಿಸ್ತೂಲು ಇಟ್ಟು ತಿರುಗಬೇಕಿತ್ತು ಅಪ್ಪ' ಎಂದಳು. ಖಾಲಿ ಇತ್ತು ಎನ್ನಲಿಲ್ಲ.

ಕಳೆದ ತಿಂಗಳು ಚಿಕ್ಕಪ್ಪ ಬಂದಿದ್ದರು. ಈಗ ಇರುವುದು ಕೆಂಗೇರಿ ಉಪನಗರದಲ್ಲಿ. ಎಪ್ಪತ್ತು ದಾಟಿದ ಮೇಲೆ ಮೆಟ್ರೊ ಹತ್ತಿ ವಿಜಯನಗರಕ್ಕೆ ಬರುವುದೆಂದರೆ ಅವರಿಗೆ ಖುಷಿ. ಮೊಮ್ಮಗಳ ಬಂದೂಕು ನೋಡಬೇಕೆಂದರು, ರೇಂಜಿಗೆ ಕರೆದುಕೊಂಡು ಹೋದೆವು. ಮೆಟ್ಟಿಲು ಹತ್ತಿ ಬಂದು ಸುಧಾರಿಸಿಕೊಂಡು, ಕಂಪ್ರೆಸರ್ ನೋಡಿದರು, ಕಾರ್ಡು ಓಡುವ ತಂತಿ ನೋಡಿದರು, ಗೇಜಿನ ಮುಳ್ಳು ನೋಡಿದರು. ಕೋಚ್ ಅಪ್ಪಣೆ ಕೊಟ್ಟ ಮೇಲೆ ಮಗಳು ದಾರ ಹಾಕಿದ ಪಿಸ್ತೂಲನ್ನು ಅವರ ಕೈಗೆ ಕೊಟ್ಟಳು. ಚಿಕ್ಕಪ್ಪ ಅದನ್ನು ಬಲಗೈಯ ಉಳಿದ ಬೆರಳುಗಳಲ್ಲಿ ಹಿಡಿದು, ಎಡಗೈಯಿಂದ ತಡವಿ, ಯಂತ್ರ ಬಲ್ಲವರು ನೋಡುವಂತೆ ನಿಧಾನವಾಗಿ ತಿರುಗಿಸುತ್ತ, ಜೋಡಣೆ ಎಲ್ಲಿದೆ ಎಂದು ಹುಡುಕತೊಡಗಿದರು. ತಿರುಗುತ್ತ ತಿರುಗುತ್ತ ಬ್ಯಾರೆಲ್ ಕೊನೆಯ ಲೇನಿನ ಕಡೆ ಸರಿಯಿತು.

ದಾರದ ಎರಡು ತುದಿಯೂ ಕಾಣುತ್ತಿತ್ತು. ಮಗಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ.

'ತಾತ, ನಿಲ್ಲಿ' ಎಂದಳು. 'ಬ್ಯಾರೆಲ್ ಆ ಗೋಡೆ ಕಡೆ.'

ಚಿಕ್ಕಪ್ಪನ ಕೈ ಅಲ್ಲೇ ನಿಂತಿತು. ಕಿತ್ತಳೆ ದಾರವನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಪಿಸ್ತೂಲನ್ನು ಗೋಡೆಯ ಕಡೆ ತಿರುಗಿಸಿದರು.

'ಈಗ ಸರಿನಾಮ್ಮ?'

'ಇನ್ನೂ ಸ್ವಲ್ಪ ಕೆಳಗೆ ತಾತ.'

ಅವರು ಇನ್ನೂ ಸ್ವಲ್ಪ ಕೆಳಗೆ ಮಾಡಿದರು.